ಪ್ರಸಾರ ಕೇಂದ್ರಕ್ಕೆ ಬಂದ ಹೊಸ ಸಹಾಯಕ



ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ನದಿ ಖಾನಾಪುರವನ್ನು ದಾಟಿ, ಕಿತ್ತೂರಿಗೆ ಸಮೀಪದ ಎಂ.ಕೆ. ಹುಬ್ಬಳ್ಳಿಯ ಮೂಲಕ ಬೈಲಹೊಂಗಲ ತಾಲ್ಲೂಕಿಗೆ ಬರುತ್ತದೆ. ಮುಂದೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು ರೇಣುಕಾಸಾಗರವೆನಿಸಿಕೊಳ್ಳುತ್ತದೆ. ಅಲ್ಲಿಂದ ಬಿಟ್ಟ ನೀರು ರಾಮದುರ್ಗವನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಈ ಹೊಳೆ ದಂಡೆ ಮೀರಿ ಹರಿದು ರಾಮದುರ್ಗ ತಾಲ್ಲೂಕಿನ ಮನೆ ಮಾರುಗಳನ್ನು ನುಂಗಿದ್ದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಅಂಥ ಹೊತ್ತಿನಲ್ಲಿ ಜನರಿಗೆ ಬೇಕಾದದ್ದು ಒಂದೇ ಸುದ್ದಿ: ನೀರು ಬಿಟ್ಟಿದ್ದಾರೋ, ಇಲ್ಲವೋ? ಆ ಸುದ್ದಿಯನ್ನು ಸರಿಯಾಗಿ, ಸಕಾಲದಲ್ಲಿ ಮುಟ್ಟಿಸುವುದೇ ಪ್ರಸಾರದ ಮೊದಲ ಕರ್ತವ್ಯ. ಈ ಕರ್ತವ್ಯಕ್ಕೆ ಇತ್ತೀಚೆಗೆ ಒಬ್ಬ ಹೊಸ ಸಹಾಯಕ ಬಂದಿದ್ದಾನೆ. ಅವನ ಹೆಸರು ಕೃತಕ ಬುದ್ಧಿಮತ್ತೆ. ಪ್ರಸಾರ ಎಂಜಿನಿಯರಿಂಗ್ ಕೆಲಸದಲ್ಲಿ ಅವನು ಏನು ಮಾಡಬಲ್ಲ, ಎಲ್ಲಿ ಎಡವುತ್ತಾನೆ, ಅವನನ್ನು ಕೆಲಸಕ್ಕೆ ಹಚ್ಚುವವರು ಯಾವ ಎಚ್ಚರ ವಹಿಸಬೇಕು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಸ್ವಲ್ಪ ಹಿನ್ನೋಟ. ನಿಮ್ಮ ಭಾಗಕ್ಕೆ ಪ್ರಸಾರ ಹೊಸದಲ್ಲ. ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ನಿಮ್ಮ ಅಜ್ಜ ಅಜ್ಜಿಯರು ಸುದ್ದಿ, ಪೇಟೆ ಧಾರಣೆ, ಮಲ್ಲಿಕಾರ್ಜುನ ಮನಸೂರರ ಗಾಯನ ಎಲ್ಲವನ್ನೂ ಅದರಿಂದಲೇ ಕೇಳಿದರು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.–6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳು ತಲುಪಿದವು. ನಿಮ್ಮ ನೆರೆಯ ವಿಜಾಪುರ ಜಿಲ್ಲೆಯ ಹಳ್ಳಿಗಳೂ ಅವುಗಳಲ್ಲಿ ಇದ್ದವು. ಆಮೇಲೆ ಊರೂರಿಗೆ ಮರುಪ್ರಸಾರ ಗೋಪುರಗಳು ಬಂದವು, ಮನೆಗಳ ಮೇಲೆ ಮೀನಿನ ಮೂಳೆಯಂಥ ಆಂಟೆನಾಗಳು ಎದ್ದವು. ಉಪಗ್ರಹ ವಾಹಿನಿಗಳೂ ಮೊಬೈಲ್ ಫೋನುಗಳೂ ಹರಡಿದ ಮೇಲೆ ಆ ಹಳೆಯ ಬಗೆಯ ಭೂಪ್ರಸಾರದ ಅಗತ್ಯ ಕಡಿಮೆಯಾಯಿತು. 2022ರ ಹೊತ್ತಿಗೆ ದೇಶದಲ್ಲಿ ಅದು ಬಹುಪಾಲು ನಿಂತುಹೋಯಿತು.

ನಾನು ವಿಜ್ಞಾನ ಪದವೀಧರ. ಕಾರ್ಯಕ್ರಮ ನಿರ್ಮಾಣದ ಕೆಲಸಕ್ಕೆ ಬಂದ ಹೊಸದರಲ್ಲಿ ಎಂಜಿನಿಯರುಗಳ ಕೊಠಡಿಯಲ್ಲಿ ನನ್ನನ್ನು ಆಕರ್ಷಿಸಿದ ವಸ್ತು ಯಾವ ಯಂತ್ರವೂ ಅಲ್ಲ, ಒಂದು ದಪ್ಪ ಲಾಗ್‌ಬುಕ್. ಪ್ರತಿ ಗಂಟೆಗೊಮ್ಮೆ ಕರ್ತವ್ಯದ ಮೇಲಿದ್ದವರು ಟ್ರಾನ್ಸ್‌ಮಿಟರಿನ ಉಷ್ಣತೆ, ಆಂಟೆನಾದ ಕಡೆಗೆ ಹೋಗುವ ಶಕ್ತಿ, ಅಲ್ಲಿಂದ ಹಿಂದಿರುಗಿ ಬರುವ ಶಕ್ತಿ ಇವನ್ನೆಲ್ಲ ಅದರಲ್ಲಿ ಬರೆದು ಸಹಿ ಹಾಕಬೇಕಿತ್ತು. ಒಮ್ಮೆ ಹಿರಿಯ ಎಂಜಿನಿಯರೊಬ್ಬರು ಹತ್ತು ದಿನಗಳ ಅಂಕಣದ ಮೇಲೆ ಬೆರಳಾಡಿಸಿ, "ನೋಡಿ, ಹಿಂದಿರುಗುವ ಶಕ್ತಿ ದಿನಾ ಬೆಳಗಿನ ಜಾವ ಸ್ವಲ್ಪ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಕೇಬಲ್ಲಿನ ಜೋಡಣೆಯಲ್ಲಿ ಎಲ್ಲೋ ತೇವ ಸೇರಿದೆ" ಎಂದರು. ಬಿಚ್ಚಿ ನೋಡಿದಾಗ ತೇವವಿತ್ತು. ಯಾವ ಒಂದು ಅಂಕಿಯೂ ತಪ್ಪಾಗಿರಲಿಲ್ಲ, ಎಲ್ಲವೂ ಮಿತಿಯೊಳಗೇ ಇದ್ದವು. ಆದರೆ ಅಂಕಿಗಳ ನಡೆ ಬೇರೆಯಾಗಿತ್ತು. ಆ ನಡೆಯನ್ನು ಗುರುತಿಸುವುದೇ ಅವರ ಅನುಭವ.

ಕೃತಕ ಬುದ್ಧಿಮತ್ತೆಯ ಒಂದು ಮುಖ್ಯ ಬಗೆ ಮಾಡುವುದೂ ಇದನ್ನೇ. ನಿಮ್ಮ ಬೈಲಹೊಂಗಲದ ಹತ್ತಿ ಪೇಟೆಯ ಉದಾಹರಣೆ ತೆಗೆದುಕೊಳ್ಳಿ. ಅನುಭವಿ ವ್ಯಾಪಾರಿ ಅಂಡಿಗೆಯೊಳಗೆ ಕೈಹಾಕಿ ಒಂದು ಚಿಟಿಕೆ ಹತ್ತಿಯನ್ನು ಎರಡು ಬೆರಳುಗಳ ನಡುವೆ ಎಳೆದು ನೋಡಿ ಎಳೆಯ ಉದ್ದ, ತೇವ, ಕಸ ಎಲ್ಲವನ್ನೂ ಹೇಳಿಬಿಡುತ್ತಾನೆ. ಈ ನಿಯಮಗಳನ್ನು ಅವನಿಗೆ ಯಾರೂ ಪುಸ್ತಕದಲ್ಲಿ ಬರೆದು ಕೊಟ್ಟಿಲ್ಲ. ಸಾವಿರಾರು ಅಂಡಿಗೆಗಳನ್ನು ಮುಟ್ಟಿ ಮುಟ್ಟಿ ಅವನ ಬೆರಳು ಕಲಿತಿದೆ. ಗಣಕಯಂತ್ರಕ್ಕೂ ಹಾಗೆಯೇ ಲಕ್ಷಾಂತರ ಉದಾಹರಣೆಗಳನ್ನು ಕೊಟ್ಟು, ಅದರ ಉತ್ತರ ತಪ್ಪಿದಾಗಲೆಲ್ಲ ಒಳಗಿನ ಲೆಕ್ಕಗಳನ್ನು ತುಸು ತುಸು ತಿದ್ದುತ್ತಾ ಹೋಗುತ್ತಾರೆ. ಕೊನೆಗೆ ಅದು ಹೊಸ ಉದಾಹರಣೆಗೂ ಬಹುಮಟ್ಟಿಗೆ ಸರಿಯಾದ ಉತ್ತರ ಕೊಡುತ್ತದೆ. ಆದರೆ ಒಂದು ಮಾತು ನೆನಪಿಡಿ. ಜನ್ಮವಿಡೀ ಜಯಧರ ಹತ್ತಿಯನ್ನಷ್ಟೇ ಮುಟ್ಟಿದ ಬೆರಳಿಗೆ ಉದ್ದ ಎಳೆಯ ಡಿ.ಸಿ.ಎಚ್.–32 ತಳಿಯನ್ನು ಕೊಟ್ಟರೆ ಅದು ತಬ್ಬಿಬ್ಬಾಗುತ್ತದೆ. ಮನುಷ್ಯನಾದರೆ "ಇದು ನನಗೆ ಹೊಸದು" ಎಂದು ಒಪ್ಪಿಕೊಂಡಾನು. ಯಂತ್ರ ಹಾಗೆ ಹೇಳುವುದು ಅಪರೂಪ. ತನಗೆ ಗೊತ್ತಿರುವುದರಲ್ಲಿ ಯಾವುದು ಹತ್ತಿರವೋ ಅದನ್ನೇ ಧೈರ್ಯವಾಗಿ ಹೇಳಿಬಿಡುತ್ತದೆ.

ಈಗ ಪ್ರಸಾರ ಕೇಂದ್ರಕ್ಕೆ ಬರೋಣ. ನಮ್ಮ ದೂರದರ್ಶನ ಪದ್ಧತಿಯಲ್ಲಿ ಪ್ರತಿ ಸೆಕೆಂಡಿಗೆ 25 ಚಿತ್ರಗಳು ಪರದೆಯ ಮೇಲೆ ಬರುತ್ತವೆ. ಗಂಟೆಗೆ 90,000, ದಿನಕ್ಕೆ 21,60,000 ಚಿತ್ರಗಳಾದವು. ಚಿತ್ರ ಹೆಪ್ಪುಗಟ್ಟಿ ನಿಂತಿದೆಯೇ, ಪರದೆ ಕಪ್ಪಾಗಿದೆಯೇ, ತುಟಿಯ ಚಲನೆಗೂ ಧ್ವನಿಗೂ ಹೊಂದಿಕೆ ತಪ್ಪಿದೆಯೇ, ಜಾಹೀರಾತು ಬಂದಾಗ ಧ್ವನಿ ಏಕಾಏಕಿ ಜೋರಾಗುತ್ತದೆಯೇ ಎಂಬುದನ್ನೆಲ್ಲ ಒಬ್ಬ ಮನುಷ್ಯ ಎವೆಯಿಕ್ಕದೆ ನೋಡುತ್ತಾ ಕೂರಲಾರ. ನಡುರಾತ್ರಿಯ ಪಾಳಿಯಲ್ಲಂತೂ ಸಾಧ್ಯವೇ ಇಲ್ಲ. ಯಂತ್ರಕ್ಕೆ ಆಕಳಿಕೆ ಬರುವುದಿಲ್ಲ. ಅದು ನಾಲ್ಕಾರು ವಾಹಿನಿಗಳನ್ನು ಏಕಕಾಲದಲ್ಲಿ ನೋಡಿ, ಅನುಮಾನ ಬಂದ ಕಡೆ ಗಂಟೆ ಬಾರಿಸುತ್ತದೆ. ಲಾಗ್‌ಬುಕ್ಕಿನ ನೂರು ಅಂಕಣಗಳನ್ನು ಒಟ್ಟಿಗೆ ಓದಿ, ಯಾವ ಫ್ಯಾನು ಇನ್ನು ಕೆಲವು ದಿನಗಳಲ್ಲಿ ನಿಲ್ಲಬಹುದು ಎಂದೂ ಎಚ್ಚರಿಸುತ್ತದೆ. ಇದು ನಿಜವಾದ ಉಪಕಾರ. ಇದನ್ನು ಅಲ್ಲಗಳೆಯುವವನು ರಾತ್ರಿಪಾಳಿ ಮಾಡಿಲ್ಲ ಎಂದೇ ಅರ್ಥ.

ಆದರೆ ಗಂಟೆ ಬಾರಿಸಿದ ಮೇಲೆ ಕಾರಣ ಹುಡುಕಬೇಕಲ್ಲ? ಅಲ್ಲಿ ಭೌತಶಾಸ್ತ್ರ ಬೇಕು. ಒಂದು ಉದಾಹರಣೆ ನೋಡಿ. ಉಪಗ್ರಹದಿಂದ ಮನೆಯ ಪುಟ್ಟ ಡಿಶ್‌ಗೆ ಬರುವ ಕೆ.ಯು. ಬ್ಯಾಂಡಿನ ತರಂಗದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಜೋರು ಮಳೆಯ ಹನಿಗಳು ಈ ತರಂಗವನ್ನು ಹೀರಿ ಚದುರಿಸುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಸಂಕೇತ ಕುಗ್ಗುತ್ತದೆ. ಇದನ್ನು ನೂರಾರು ಸಲ ಕಂಡ ಯಂತ್ರ "ಸಂಕೇತ ಕುಗ್ಗಿತು, ಮಳೆ ಇರಬೇಕು" ಎಂದು ಕಲಿಯುತ್ತದೆ. ಈಗ ಮಾರ್ಚ್ ತಿಂಗಳ ನಡುವಿನ ಒಂದು ದಿನ. ಸವದತ್ತಿಯ ಗುಡ್ಡದ ಮೇಲೆ ಕಣ್ಣು ಕುಕ್ಕುವ ಬಿಸಿಲು. ಆದರೂ ಕೆಲವು ನಿಮಿಷ ಚಿತ್ರ ಒಡೆದು ಹೋಗುತ್ತದೆ. ಮರುದಿನವೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಕಾರಣ ಮೋಡವೂ ಅಲ್ಲ, ಯಂತ್ರದೋಷವೂ ಅಲ್ಲ. ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹದ ನೇರ ಹಿಂದೆ ಸೂರ್ಯ ಬಂದು ನಿಂತಿದ್ದಾನೆ. ಅವನ ರೇಡಿಯೋ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಮುಳುಗಿಹೋಗಿದೆ. ವರ್ಷಕ್ಕೆ ಎರಡು ಬಾರಿ, ಮಾರ್ಚ್‌ನಲ್ಲಿ ಮತ್ತು ಅಕ್ಟೋಬರ್ ಆರಂಭದ ಸುಮಾರಿಗೆ, ಕೆಲವು ದಿನ ಇದು ನಡೆಯುತ್ತದೆ. ದಿನ, ನಿಮಿಷಗಳನ್ನು ಮೊದಲೇ ಲೆಕ್ಕ ಹಾಕಿ ಹೇಳಬಹುದು. ಇದನ್ನು ಯಂತ್ರಕ್ಕೆ ಯಾರೂ ಹೇಳದಿದ್ದರೆ ಅದು ಸುಡು ಬಿಸಿಲಿನಲ್ಲಿ ಮಳೆಯನ್ನು ಕಾಣುತ್ತದೆ. ಕಾಲೇಜಿನಲ್ಲಿ ಓದಿದ ಖಗೋಳದ ಪಾಠ ಇಲ್ಲಿ ಎಂಜಿನಿಯರನ ಮಾನ ಕಾಯುತ್ತದೆ.

ಸಂಕೇತದ ತಪ್ಪು ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಮಾತಿನ ತಪ್ಪು ಹಾಗಲ್ಲ. ನನಗೆ ಈ ಪಾಠ ಕಲಿಸಿದ ಒಂದು ಪ್ರಸಂಗವನ್ನು ಹೇಳುತ್ತೇನೆ. ಪ್ರವಾಹದ ನೆನಪುಗಳನ್ನು ಕುರಿತ ಒಂದು ಕಾರ್ಯಕ್ರಮಕ್ಕಾಗಿ ರಾಮದುರ್ಗ ತಾಲ್ಲೂಕಿನ ಹೊಳೆದಂಡೆಯ ಹಿರಿಯರೊಬ್ಬರ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದೆವು. ನೀರು ಬಂದ ದಿನ ತರುಣನೊಬ್ಬ ಓಣಿ ಓಣಿಯಲ್ಲಿ ಹೇಗೆ ಕೂಗುತ್ತಾ ಓಡಿದ ಎಂಬುದನ್ನು ಅವರು ಅನುಕರಿಸಿ ತೋರಿಸಿದರು: "ಮುಂಜಾನೆ ನಾಕಕ್ಕ ಡ್ಯಾಮಿನ್ಯಾಗಿಂದ ನೀರ ಬಿಟ್ಟಾರ, ದನಾ ಕರಾ ಹೊಡಕೊಂಡ ಗುಡ್ಡಕ್ಕ ನಡೀರಿ!" ಕಿವಿ ಕೇಳದ ಪ್ರೇಕ್ಷಕರಿಗಾಗಿ ಪರದೆಯ ಕೆಳಗೆ ಕನ್ನಡ ಅಕ್ಷರಗಳನ್ನು ಕೊಡುವುದಿತ್ತು. ಮಾತನ್ನು ಬರಹಕ್ಕೆ ಇಳಿಸುವ ಕೃತಕ ಬುದ್ಧಿಮತ್ತೆಯ ಒಂದು ಸಾಧನವನ್ನು ಬಳಸಿದೆವು. ಎರಡು ದಿನದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ತೆರೆಯ ಮೇಲೆ ಹೀಗೆ ಬಂತು: "ಮುಂಜಾನೆ ನಾಲ್ಕಕ್ಕೆ ಡ್ಯಾಮಿನಿಂದ ನೀರು ಬಿಟ್ಟಾರು, ದನ ಕರು ಹೊಡೆದುಕೊಂಡು ಗುಡ್ಡಕ್ಕೆ ನಡೆಯಿರಿ."

ನಾನು ಹಳೆಯ ಮೈಸೂರು ಕಡೆಯವನು. ಓದಿದೆ, ಚೆನ್ನಾಗಿದೆ ಎಂದುಕೊಂಡು ಒಪ್ಪಿಗೆ ಕೊಟ್ಟೆ. ತರಬೇತಿಗೆ ಬಂದಿದ್ದ ಸವದತ್ತಿ ಕಡೆಯ ವಿದ್ಯಾರ್ಥಿನಿ ಹಿಂದಿನಿಂದ ಮೆಲ್ಲನೆ ಹೇಳಿದಳು: "ಸರ್, ಅಜ್ಜಾರು ಬಿಟ್ಟಾರ ಅಂದಾರ್ರೀ. ಇದರಾಗ ಬಿಟ್ಟಾರು ಅಂತ ಬಂದೈತ್ರೀ."

ಒಂದು ಕೊಂಬು ಮಾತ್ರ. ಆದರೆ ನಿಮ್ಮ ವ್ಯಾಕರಣ ಪುಸ್ತಕವನ್ನು ತೆರೆದು ನೋಡಿ. 'ಬಿಟ್ಟಾರು' ಎಂಬುದು ಸಂಭಾವನಾರ್ಥಕ ರೂಪ. ಬಿಟ್ಟರೂ ಬಿಡಬಹುದು, ಬಿಡದೆಯೂ ಇರಬಹುದು ಎಂದು ಅದರ ಅರ್ಥ. ಉತ್ತರ ಕರ್ನಾಟಕದ ಆಡುಮಾತಿನ 'ಬಿಟ್ಟಾರ' ಎಂದರೆ ಬಿಟ್ಟಿದ್ದಾರೆ, ನೀರು ಹೊರಟಾಗಿದೆ. ನಡೆದು ಹೋದ ಸಂಗತಿಯನ್ನು ಯಂತ್ರ ಬರಿಯ ಸಂಶಯವಾಗಿ ಮಾರ್ಪಡಿಸಿತ್ತು. ನಮ್ಮದು ಹಳೆಯ ನೆನಪಿನ ಕಾರ್ಯಕ್ರಮ, ತಿದ್ದಿಕೊಂಡೆವು. ಅದೇ ಮಾತು ಪ್ರವಾಹದ ದಿನದ ನೇರಪ್ರಸಾರದಲ್ಲಿ ಬಂದಿದ್ದರೆ? ಕಿವಿ ಕೇಳದವನಿಗೆ ಆ ಅಕ್ಷರವೇ ಸುದ್ದಿ. 'ಬಿಟ್ಟಾರು' ಎಂದು ಓದಿದವನು ಇನ್ನೂ ಅರ್ಧ ಗಂಟೆ ಕಾದು ನೋಡೋಣ ಎಂದು ಮನೆಯಲ್ಲೇ ಕೂರುತ್ತಾನೆ.

ಯಂತ್ರ ಹೀಗೇಕೆ ಮಾಡಿತು? ಅದು ಮೊದಲು ಧ್ವನಿಯ ಅಲೆಯನ್ನು ಸೆಕೆಂಡಿಗೆ ಹಲವು ಸಾವಿರ ಬಾರಿ ಅಳೆದು, ಯಾವ ಗಳಿಗೆಯಲ್ಲಿ ಯಾವ ಆವರ್ತಾಂಕ ಎಷ್ಟಿದೆ ಎಂಬ ಚಿತ್ರವನ್ನು ರಚಿಸಿಕೊಳ್ಳುತ್ತದೆ. ಆ ಚಿತ್ರಕ್ಕೆ ಯಾವ ಅಕ್ಷರಗಳು ಹೊಂದುತ್ತವೆ ಎಂದು ಊಹಿಸುತ್ತದೆ. ಎರಡು ಊಹೆಗಳು ಸಮೀಪವಿದ್ದಾಗ ತಾನು ಹಿಂದೆ ಹೆಚ್ಚಾಗಿ ಕಂಡ ರೂಪದ ಕಡೆಗೆ ವಾಲುತ್ತದೆ. ಅದು ಕಂಡ ಕನ್ನಡ ಬಹುತೇಕ ಪುಸ್ತಕ, ಪತ್ರಿಕೆಗಳ ಕನ್ನಡ. ಅದರಲ್ಲಿ 'ಬಿಟ್ಟಾರು' ಇದೆ, 'ಬಿಟ್ಟಾರ' ತೀರ ವಿರಳ. ಆದ್ದರಿಂದ ನಿಮ್ಮ ಊರಿನ ಸರಿಯಾದ ಮಾತನ್ನು ಅದು ತಪ್ಪೆಂದು ತಿಳಿದು, ತನ್ನ ಪ್ರಕಾರ ತಿದ್ದಿ ಕೊಟ್ಟಿತು. ತಪ್ಪಾಗಿ ಕೇಳಿಸಿಕೊಂಡಿದ್ದರೆ ವಾಕ್ಯ ಅಸಂಬದ್ಧವಾಗಿರುತ್ತಿತ್ತು, ನಾನೂ ಹಿಡಿಯುತ್ತಿದ್ದೆ. ವಾಕ್ಯ ಅಂದವಾಗಿದ್ದುದೇ ಅಪಾಯವಾಯಿತು.

ಇಂಥ ಸಾಧನಗಳ ಗುಣವನ್ನು ಅಳೆಯಲು ಪದದೋಷ ಪ್ರಮಾಣ ಎಂಬ ಲೆಕ್ಕವಿದೆ. ಬದಲಾದ ಪದಗಳು, ಬಿಟ್ಟುಹೋದ ಪದಗಳು, ಹೊಸದಾಗಿ ಸೇರಿದ ಪದಗಳು ಇವನ್ನು ಕೂಡಿಸಿ, ಆಡಿದ ಒಟ್ಟು ಪದಗಳ ಸಂಖ್ಯೆಯಿಂದ ಭಾಗಿಸಬೇಕು. ಮೇಲಿನ ವಾಕ್ಯದಲ್ಲಿ ಹತ್ತು ಪದಗಳಿವೆ. 'ನಾಕಕ್ಕ' ಎಂಬುದು 'ನಾಲ್ಕಕ್ಕೆ' ಆದದ್ದನ್ನು, 'ನೀರ' ಎಂಬುದು 'ನೀರು' ಆದದ್ದನ್ನು, ಇಂಥ ಉಳಿದ ಬದಲಾವಣೆಗಳನ್ನೂ ಮನ್ನಿಸಿದರೆ ಉಳಿಯುವ ದೋಷ ಒಂದೇ, ಅಂದರೆ ಶೇಕಡಾ 10. ಈ ಲೆಕ್ಕ ಉಪಯುಕ್ತ. ಆದರೆ ಅದು ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. 'ಕರು' ತಪ್ಪಿದ್ದರೂ ಶೇಕಡಾ 10, 'ಬಿಟ್ಟಾರ' ತಪ್ಪಿದರೂ ಅಷ್ಟೇ. ಯಾವ ಪದದ ಮೇಲೆ ಪ್ರಾಣ ನಿಂತಿದೆ ಎಂಬುದು ಆ ಲೆಕ್ಕಕ್ಕೆ ತಿಳಿಯದು. ಅದು ಹೊಳೆದಂಡೆಯಲ್ಲಿ ಬಾಳಿದವರಿಗೆ ತಿಳಿದಿದೆ.

ಇನ್ನೊಂದು ಪ್ರಯೋಗವನ್ನೂ ಹೇಳಬೇಕು. ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಧ್ವನಿಮುದ್ರಿಸಿದ ಹಳೆಯ ಟೇಪೊಂದರಲ್ಲಿ ಹಾಡಿನ ಮೇಲೆ ಗಾಳಿಯ ಸದ್ದು ತುಂಬಿಕೊಂಡಿತ್ತು. ಗದ್ದಲ ಕಳೆಯುವ ಸಾಧನಕ್ಕೆ ಅದನ್ನು ಕೊಟ್ಟೆವು. ಗಾಳಿ ಹೋಯಿತು. ಅದರ ಜೊತೆಗೆ ಚೌಡಿಕೆಯ ತಂತಿಯ ಮಿಡಿತವೂ, 'ಉಧೋ ಉಧೋ' ಎನ್ನುವ ಭಕ್ತರ ಘೋಷವೂ ಹೋದವು. ಉಳಿದದ್ದು ಬಾವಿಯ ತಳದಿಂದ ಬಂದಂಥ ಒಂಟಿ ಕಂಠ. ಒಬ್ಬರ ಮಾತನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸಲು ಕಲಿತ ಸಾಧನಕ್ಕೆ ಚೌಡಿಕೆ ಕೂಡ ಗದ್ದಲವೇ. ಅದೃಷ್ಟಕ್ಕೆ ಮೂಲ ಟೇಪಿನ ಪ್ರತಿಯನ್ನು ಮುಟ್ಟಿರಲಿಲ್ಲ. ಹಳೆಯ ಸಂಗ್ರಹಗಳನ್ನು ಉಳಿಸುವ ಕೆಲಸದಲ್ಲಿ ಇದು ಮೊದಲ ನಿಯಮವಾಗಬೇಕು: ಮೂಲವನ್ನು ಇದ್ದಂತೆಯೇ ಇಡಿ, ಯಂತ್ರದ ಕೈಚಳಕವೆಲ್ಲ ನಕಲಿನ ಮೇಲೆ ನಡೆಯಲಿ.

ಹಾಗಾದರೆ ಈ ಸಹಾಯಕನನ್ನು ಹೊರಗೆ ಕಳುಹಿಸಬೇಕೆ? ಖಂಡಿತ ಬೇಡ. ಅವನಿಗೆ ಕಲಿಸಬೇಕು. ನಾವು ಮಾಡಿದ ಒಂದು ಸಣ್ಣ ಕೆಲಸ ಊರುಗಳ ನಾಮಾವಳಿ. ಸವದತ್ತಿ ತಾಲ್ಲೂಕಿನಲ್ಲಿ ಹೂಲಿ ಎಂಬ ಊರಿದೆ. ಯಂತ್ರಕ್ಕೆ ಅದು ಗೊತ್ತಿರಲಿಲ್ಲ. "ಹೂಲಿಗೆ ಬಸ್ಸಿಲ್ಲ" ಎಂದರೆ "ಹುಲಿಗೆ ಬಸ್ಸಿಲ್ಲ" ಎಂದು ಬರೆಯುತ್ತಿತ್ತು! ಹೂಲಿ, ಮುನವಳ್ಳಿ, ಯರಗಟ್ಟಿ, ಮುರಗೋಡ, ನೇಸರಗಿ, ಸಂಗೊಳ್ಳಿ, ಸುರೇಬಾನ, ಗೊಡಚಿ ಇಂಥ ಹೆಸರುಗಳ ಪಟ್ಟಿ ಕೊಟ್ಟ ಮೇಲೆ ತಪ್ಪು ಎಷ್ಟೋ ಇಳಿಯಿತು. ದೊಡ್ಡ ಪ್ರಮಾಣದ ಪ್ರಯತ್ನಗಳೂ ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆಯಲ್ಲಿ ಜನರಿಗೆ ಚಿತ್ರಗಳನ್ನು ತೋರಿಸಿ, ಅವರು ತಮ್ಮದೇ ಮಾತಿನಲ್ಲಿ ವರ್ಣಿಸಿದ್ದನ್ನು ಜಿಲ್ಲೆ ಜಿಲ್ಲೆಗಳಲ್ಲಿ ಧ್ವನಿಮುದ್ರಿಸಲಾಗಿದೆ. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರದ 'ಭಾಷಿಣಿ' ವೇದಿಕೆ 2022ರಲ್ಲಿ ಆರಂಭವಾಯಿತು. ಹೀಗೆ ಕೂಡಿಟ್ಟ ಮಾತಿನಲ್ಲಿ ನಿಮ್ಮ ಕಡೆಯ ನುಡಿಯೂ ಸಾಕಷ್ಟು ಇದ್ದರೆ 'ಬಿಟ್ಟಾರ' ಎಂಬುದು ಯಂತ್ರಕ್ಕೆ ಅಪರಿಚಿತವಾಗಿ ಉಳಿಯುವುದಿಲ್ಲ.

"ಸರ್, ಯಂತ್ರ ಬಂದರೆ ನಮಗೆ ಕೆಲಸ ಉಳಿದೀತೆ?" ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2024ರ ಮೇ 26ರಂದು ಡಿ.ಡಿ. ಕಿಸಾನ್ ವಾಹಿನಿಯಲ್ಲಿ ಕೃಷ್ ಮತ್ತು ಭೂಮಿ ಎಂಬ ಇಬ್ಬರು ಕೃತಕ ನಿರೂಪಕರು ಕಾಣಿಸಿಕೊಂಡರು. ಅವರಿಗೆ ದಣಿವಿಲ್ಲ, ರಜೆಯೂ ಬೇಡ. ಕೆಲವು ಕೆಲಸಗಳು ಕಡಿಮೆಯಾಗುತ್ತವೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಮರುಪ್ರಸಾರ ಗೋಪುರಗಳು ನಿಂತಾಗಲೂ ಕೆಲವು ಕೆಲಸಗಳು ಇಲ್ಲವಾದವು. ಆದರೆ ಒಂದು ಕೆಲಸ ಹೆಚ್ಚುತ್ತದೆ. ಯಂತ್ರ ಕೊಟ್ಟದ್ದನ್ನು ಪರೀಕ್ಷಿಸಿ, "ಇದು ಸರಿ, ಇದಕ್ಕೆ ನಾನು ಹೊಣೆ" ಎಂದು ಹೇಳುವ ಕೆಲಸ ಅದು. ಲಾಗ್‌ಬುಕ್ಕಿನ ಪ್ರತಿ ಸಾಲಿನ ಕೊನೆಯಲ್ಲಿ ಸಹಿಗೆ ಜಾಗವಿತ್ತು ಎಂದೆನಲ್ಲ? ಅಂಕಿಯನ್ನು ಯಂತ್ರ ತುಂಬಲಿ. ಸಹಿಯ ಜಾಗವನ್ನು ಮಾತ್ರ ಅದಕ್ಕೆ ಬಿಟ್ಟುಕೊಡಬಾರದು. ಸಹಿ ಹಾಕುವವನಿಗೆ ವಿಜ್ಞಾನವೂ ತಿಳಿದಿರಬೇಕು, ಊರೂ ತಿಳಿದಿರಬೇಕು. ಅಂದು ನಮ್ಮ ಕೊಠಡಿಯಲ್ಲಿ ಅತಿ ಕಡಿಮೆ ಅನುಭವವಿದ್ದವಳು ಆ ವಿದ್ಯಾರ್ಥಿನಿ. ತಪ್ಪು ಹಿಡಿದವಳು ಅವಳೇ. ತನ್ನ ಮನೆಯ ಮಾತು ಅಶುದ್ಧ ಎಂದು ನಾಚಿ ಸುಮ್ಮನಿದ್ದಿದ್ದರೆ ಆ ತಪ್ಪು ಹಾಗೆಯೇ ಪ್ರಸಾರವಾಗುತ್ತಿತ್ತು.

ಕೊನೆಯಲ್ಲಿ ನಿಮಗೊಂದು ಪ್ರಯೋಗ. ಈ ಭಾನುವಾರ ಮನೆಯ ಹಿರಿಯರೊಬ್ಬರನ್ನು ಒಪ್ಪಿಸಿ ಐದು ನಿಮಿಷ ಮಾತನಾಡಿಸಿ. ವಿಷಯ ಯಾವುದಾದರೂ ಆಗಲಿ: ಬೈಲಹೊಂಗಲದ ಹತ್ತಿ ಪೇಟೆ, ಅಕ್ಟೋಬರ್‌ನ ಕಿತ್ತೂರು ಉತ್ಸವ, ಭಾರತ ಹುಣ್ಣಿಮೆಯ ಜಾತ್ರೆ, ಹೊಳೆ ಬಂದ ವರ್ಷ. ಫೋನಿನಲ್ಲಿ ಧ್ವನಿಮುದ್ರಿಸಿ, ನೀವೇ ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳಿ. ಅನಂತರ ಅದನ್ನೇ ಯಂತ್ರದಿಂದ ಬರೆಸಿ. ಎರಡನ್ನೂ ಎದುರು ಬದುರು ಇಟ್ಟು ತಪ್ಪುಗಳನ್ನು ನಾಲ್ಕು ಅಂಕಣಗಳಲ್ಲಿ ವಿಂಗಡಿಸಿ: ಊರು ಮತ್ತು ಜನರ ಹೆಸರು, ಅಂಕಿ ಸಂಖ್ಯೆ, ಕ್ರಿಯಾಪದದ ಕೊನೆ, ಉಳಿದವು. ಪದದೋಷ ಪ್ರಮಾಣ ಲೆಕ್ಕ ಹಾಕಿ. ಆಮೇಲೆ ಅರ್ಥವನ್ನೇ ಕೆಡಿಸಿದ ತಪ್ಪುಗಳ ಕೆಳಗೆ ಕೆಂಪು ಗೆರೆ ಎಳೆಯಿರಿ. ಆ ಕೆಂಪು ಗೆರೆಗಳನ್ನು ಎಣಿಸಿ ನಿಮ್ಮ ವಿಜ್ಞಾನದ ಗುರುಗಳಿಗೂ ಕನ್ನಡದ ಗುರುಗಳಿಗೂ ತೋರಿಸಿ. ಇದಕ್ಕೆ ಇಬ್ಬರೂ ಬೇಕು.

ಮುಂದೆ ನಿಮ್ಮಲ್ಲಿ ಯಾರಾದರೂ ಪ್ರಸಾರ ಕೇಂದ್ರದ ಕುರ್ಚಿಯಲ್ಲಿ ಕುಳಿತಾಗ, ಒಂದು ಮಳೆಗಾಲದ ರಾತ್ರಿ ನವಿಲುತೀರ್ಥದ ಸುದ್ದಿ ಬಂದೀತು. ಯಂತ್ರ ಕ್ಷಣದಲ್ಲಿ ಅಕ್ಷರಗಳನ್ನು ಜೋಡಿಸಿ ಕೊಟ್ಟೀತು. ಗುಂಡಿ ಒತ್ತುವ ಮೊದಲು ಒಮ್ಮೆ ನಿಲ್ಲಿ. ಬಿಟ್ಟಾರೋ, ಬಿಟ್ಟಾರೆಯೋ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಆಮೇಲೆ ಸಹಿ ಹಾಕಿ.